ಗಾಲ್ಫ್ ಬ್ಯಾಗು ಹೊರೋದೋ, ಟ್ರಾಲಿ ತಳ್ಳೋದೋ? ಮೊದಲು ಬ್ಯಾಗಿಗೆ ಕಾಲಿದೆಯಾ ನೋಡಿ

ವಯಸ್ಸು ಮೂವತ್ತೆಂಟು, ದಿನವಿಡೀ ಕುರ್ಚಿ ಕೆಲಸ, ಎಡಿನ್‌ಬರಾಗೆ ಬಂದು ಆರು ತಿಂಗಳು. ಗಾಲ್ಫ್ ಆಡುವಾಗ ಬ್ಯಾಗನ್ನು ಹೊರೋದಾ, ಚಕ್ರದ ಟ್ರಾಲಿ ಮೇಲಿಟ್ಟು ತಳ್ಳೋದಾ ಅನ್ನೋದು ನಿಮ್ಮ ಪ್ರಶ್ನೆ. ‘ಟ್ರಾಲಿ ಮುದುಕರಿಗೆ, ಬ್ಯಾಗು ಹೊತ್ತರೆ ವ್ಯಾಯಾಮವಾದರೂ ಆಗುತ್ತಲ್ವಾ?’ ಅಂತ ಕೇಳಿದ್ದೀರಿ. ಓದುತ್ತಿದ್ದ ಹಾಗೇ ನನ್ನ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಏಳು ವರ್ಷದ ಹಿಂದೆ ಇದೇ ಊರಲ್ಲಿ ಇದೇ ಮಾತನ್ನು ನಾನೂ ಆಡಿದ್ದೆ.

ಬೆಂಗಳೂರಲ್ಲಿ ನಮಗೆ ಈ ಪ್ರಶ್ನೆಯೇ ಹುಟ್ಟಲ್ಲ. ಅಲ್ಲಿ ಬ್ಯಾಗು ಹೊರೋದು ಕ್ಯಾಡಿ, ಅಂದರೆ ಆಟಗಾರನ ಜೊತೆ ನಡೆಯುವ ಸಹಾಯಕ. ಆಟ ನಮಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತೆ ಅನ್ನೋದು ಬೇರೆ ಮಾತು. 2009ರಲ್ಲಿ ಇಂಡಿಯನ್ ಓಪನ್ ಗೆದ್ದ ನಮ್ಮ ಸಿ. ಮುನಿಯಪ್ಪ ಕ್ಯಾಡಿಯಾಗಿದ್ದವರೇ. ಬೆಂಗಳೂರಲ್ಲಿದ್ದಾಗ ನಾನು ಗಾಲ್ಫ್ ಆಡಿದವನಲ್ಲ, ಬೇಲಿಯಾಚೆಯಿಂದ ನೋಡಿದವನು. ಇಲ್ಲಿಗೆ ಬಂದಮೇಲೆ ಮನೆ ಸಿಕ್ಕಿದ್ದು ಬ್ರಂಟ್ಸ್‌ಫೀಲ್ಡ್ ಲಿಂಕ್ಸ್ ಪಕ್ಕದಲ್ಲಿ. ನಿಮಗೂ ಗೊತ್ತಿರಬಹುದು, ಊರ ನಡುವಿನ ಆ ಹುಲ್ಲಿನ ಮೇಲೆ ಬೇಸಿಗೆಯಲ್ಲಿ ಸ್ವಂತ ಕ್ಲಬ್, ಅಂದರೆ ಚೆಂಡು ಹೊಡೆಯುವ ಕೋಲು, ಇದ್ದವರು ಕಾಸು ಕೊಡದೆ ಆಡಬಹುದು. ಚೆಂಡು ಎತ್ತಿ ಹೊಡೆಯೋಕೆ ಒಂದು ವೆಡ್ಜ್, ಗುಂಡಿಗೆ ಉರುಳಿಸೋಕೆ ಒಂದು ಪಟ್ಟರ್ ಕೈಯಲ್ಲಿ, ಜೇಬಲ್ಲಿ ಎರಡು ಚೆಂಡು. ಬ್ಯಾಗೇ ಇರಲಿಲ್ಲ. ಈಗ ಯೋಚಿಸಿದರೆ ಅದೇ ನನ್ನ ಗಾಲ್ಫ್‌ನ ಸತ್ಯಯುಗ.

ಆಮೇಲೆ ದುರಾಸೆ. ಬ್ರೇಡ್ ಹಿಲ್ಸ್‌ನ ಗುಡ್ಡದ ಗಾಲ್ಫ್ ಕೋರ್ಸ್‌ನಲ್ಲಿ ಆಡಬೇಕು, ಅದಕ್ಕೆ ‘ಪೂರ್ತಿ ಸೆಟ್’ ಬೇಕು ಅಂತ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡೆ. ಜೊತೆಗೆ ಬ್ಯಾಗೂ ಬಂತು: ಕಪ್ಪಗೆ ಹೊಳೆಯುವ ದೊಡ್ಡ ಬ್ಯಾಗು, ಹದಿನಾಲ್ಕು ಕ್ಲಬ್‌ಗೆ ಹದಿನಾಲ್ಕು ಗೂಡು, ಲೆಕ್ಕವಿಲ್ಲದಷ್ಟು ಜಿಪ್ಪು. ಮಾರಿದವನು ‘ಇದಕ್ಕೆ ಟ್ರಾಲಿ ಬೇಡವಾ?’ ಅಂತ ಕೇಳಿದ. ‘ನನಗಿನ್ನೂ ವಯಸ್ಸಾಗಿಲ್ಲ’ ಅಂದೆ. ಅವನು ಭುಜ ಕುಣಿಸಿ ದುಡ್ಡು ಎಣಿಸಿಕೊಂಡ.

ಇಲ್ಲೇ ನಾನು ಎಡವಿದ್ದು. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಗಾಲ್ಫ್ ಬ್ಯಾಗಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದಕ್ಕೆ ಎರಡು ಕಾಲಿರುತ್ತೆ. ನೆಲಕ್ಕಿಟ್ಟು ಬಾಗಿಸಿದರೆ ಕಾಲು ತಾನೇ ಚಾಚಿಕೊಂಡು ಬ್ಯಾಗು ಓರೆಯಾಗಿ ನಿಲ್ಲುತ್ತೆ. ಇನ್ನೊಂದು ಟ್ರಾಲಿಗೆ ಕಟ್ಟುವ ಬ್ಯಾಗು. ಅದಕ್ಕೆ ಕಾಲಿಲ್ಲ. ಭುಜಕ್ಕೆ ಒಂದೇ ಪಟ್ಟಿ, ಅದೂ ಕಾರಿನಿಂದ ಟ್ರಾಲಿವರೆಗೆ ಒಯ್ಯೋದಕ್ಕೆ ಮಾತ್ರ. ನಾನು ಕೊಂಡದ್ದು ಈ ಎರಡನೆಯದು. ಹೊತ್ತು ನಡೆಯೋದು ಕಷ್ಟವಾಗಲಿಲ್ಲ, ನಿಜ ಹೇಳಬೇಕೆಂದರೆ. ಆದರೆ ಪ್ರತಿ ಹೊಡೆತಕ್ಕೂ ಬ್ಯಾಗು ನೆಲಕ್ಕೆ ಮಲಗಬೇಕು. ಹೊಡೆದಾದ ಮೇಲೆ ಮಲಗಿದ್ದನ್ನು ಎಬ್ಬಿಸಬೇಕು. ಮಂಡಿ ಮಡಚದೆ ಸೊಂಟದಿಂದಲೇ ಬಗ್ಗೋದು, ಪಟ್ಟಿಗೆ ಕೈ ಹಾಕೋದು, ಏಳುತ್ತಾ ಏಳುತ್ತಾ ಬಲಕ್ಕೆ ತಿರುಚಿ ಭುಜಕ್ಕೆ ಎಸೆದುಕೊಳ್ಳೋದು. ಒಂದೇ ಏಟಿಗೆ ಮೂರೂ. ನೋಡೋದಕ್ಕೆ ಸ್ಟೈಲಾಗಿಯೇ ಇತ್ತು.

ಲೆಕ್ಕ ಹಾಕಿ. ಹದಿನೆಂಟು ಹೋಲ್‌ಗೆ, ಅಂದರೆ ಒಂದು ಪೂರ್ತಿ ಆಟಕ್ಕೆ, ನಾನು 105 ಹೊಡೆತ ಹೊಡೆಯುವ ಕಾಲ ಅದು. ಪಟ್ಟಿಂಗ್ ಕಳೆದರೂ ಬ್ಯಾಗನ್ನು ಕಮ್ಮಿ ಅಂದರೂ 75 ಸಲ ನೆಲದಿಂದ ಎತ್ತುತ್ತಿದ್ದೆ. ಬ್ಯಾಗಿನ ತೂಕ, ಆಮೇಲೆ ಗೊತ್ತಾಗಿದ್ದು, 15.6 ಕೆಜಿ. ಅಂದರೆ ಒಂದು ಶನಿವಾರಕ್ಕೆ 1,170 ಕೆಜಿ, ಬಾಗಿದ ಬೆನ್ನಲ್ಲಿ, ತಿರುಚಿಕೊಂಡು, ಯಾವಾಗಲೂ ಒಂದೇ ಕಡೆಗೆ. ಇದನ್ನು ನಾನು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮಾಡಿದೆ, ವ್ಯಾಯಾಮ ಅಂದುಕೊಂಡು.

ಅಕ್ಟೋಬರ್‌ನ ಒಂದು ಬೆಳಿಗ್ಗೆ ಹದಿನಾಲ್ಕನೇ ಹೋಲ್‌ನಲ್ಲಿ ಬಗ್ಗಿದವನು ಏಳಲಿಲ್ಲ. ನೋವು ಅನ್ನೋದಕ್ಕಿಂತ ಸೊಂಟದ ಒಳಗೆ ಯಾರೋ ಬಾಗಿಲಿಗೆ ಅಗಳಿ ಹಾಕಿದ ಹಾಗೆ. ಒದ್ದೆ ಹುಲ್ಲಿನ ಮೇಲೆ ಪಕ್ಕಕ್ಕೆ ಮಲಗಿಬಿಟ್ಟೆ. ಕಣ್ಣೆದುರಿಗೆ ದೂರದಲ್ಲಿ ಕೋಟೆ, ಕಿವಿ ಪಕ್ಕದಲ್ಲಿ ನನ್ನದೇ ಬ್ಯಾಗು. ಹಿಂದೆ ಆಡುತ್ತಿದ್ದ ಅಜ್ಜ, ಎಪ್ಪತ್ತೈದರ ಮೇಲಿರಬೇಕು, ಟ್ರಾಲಿ ತಳ್ಳಿಕೊಂಡು ಬಂದ. ಏನೂ ಕೇಳಲಿಲ್ಲ. ತನ್ನ ಪುಟ್ಟ ಬ್ಯಾಗನ್ನು ಭುಜಕ್ಕೆ ಹಾಕಿಕೊಂಡ, ನನ್ನ ಆನೆಮರಿಯನ್ನು ಟ್ರಾಲಿಗೇರಿಸಿದ, ಹಿಡಿಗೆ ನನ್ನ ಕೈ ಇಡಿಸಿ ಮೆಲ್ಲಗೆ ಇಳಿಸಿಕೊಂಡು ಹೋದ. ಮುದುಕರ ಗಾಡಿ ಅಂತ ನಾನು ಹೀಯಾಳಿಸಿದ್ದೇ ಊರುಗೋಲಾಯಿತು.

ಹತ್ತು ವಾರ ಕ್ಲಬ್ ಮುಟ್ಟಲಿಲ್ಲ. ಅದು ಹಾಳಾಗಲಿ. ನವೆಂಬರ್‌ನಲ್ಲಿ ತಂಗಿಯ ಸೀಮಂತಕ್ಕೆ ಊರಿಗೆ ಹೋಗಬೇಕಿತ್ತು. ಅರ್ಧ ಗಂಟೆ ಕೂರಲಾಗದವನು ವಿಮಾನದಲ್ಲಿ ಹೇಗೆ ಕೂತಾನು? ಟಿಕೆಟ್ಟಿನ ದುಡ್ಡೂ ವಾಪಸ್ ಬರಲಿಲ್ಲ. ಫೋನಲ್ಲಿ ಅಮ್ಮನಿಗೆ ಎಲ್ಲ ಹೇಳಿದರೆ ಅವಳು ಕೇಳಿದ್ದು ಒಂದೇ: ‘ಅಲ್ವೋ, ಸಿಂಬೆ ಇಲ್ದೆ, ಎತ್ತಿಕೊಡೋರಿಲ್ದೆ ಯಾರಾದ್ರೂ ಹೊರೆ ಹೊರ್ತಾರೇನೋ?’ ಹುಲ್ಲುಹೊರೆ ಹೊತ್ತವಳು ಅವಳು. ಹೊರೋದಕ್ಕಿಂತ ಎತ್ತೋದು ಕಷ್ಟ ಅನ್ನೋದು ಅವಳಿಗೆ ಫಿಸಿಯೋ ಹೇಳಬೇಕಾಗಿರಲಿಲ್ಲ. ನನಗೆ ಮಾತ್ರ ಫಿಸಿಯೋನೇ ಹೇಳಬೇಕಾಯಿತು.

ಬ್ಯಾಗು ತೂಗಿದ್ದು ಆಗಲೇ. ಸ್ನಾನದ ಮನೆಯ ತೂಕದ ಯಂತ್ರದ ಮೇಲಿಟ್ಟು, ಆಮೇಲೆ ನೆಲಕ್ಕೆ ಸುರಿದೆ. ಖಾಲಿ ಬ್ಯಾಗೇ ಮೂರೂವರೆ ಕೆಜಿ. ಕ್ಲಬ್‌ಗಳು ಆರು ಕೆಜಿ ಹತ್ತಿರ. ಎರಡು ನೀರಿನ ಬಾಟ್ಲಿ, ಕೊಡೆ, ಹಿಂದಿನ ವಾರದಿಂದ ಒಣಗದ ಮಳೆಯಂಗಿ, ಒಂದು ಡಬ್ಬಿ ಚಕ್ಕುಲಿ. ಚೆಂಡು ಎಷ್ಟಿತ್ತು ಗೊತ್ತಾ? ಮೂವತ್ತೊಂದು! ಒಂದಕ್ಕೆ 46 ಗ್ರಾಂ ಹತ್ತಿರ, ಒಟ್ಟು 1.4 ಕೆಜಿ. ಪೊದೆಯಲ್ಲಿ ಸಿಕ್ಕಿದ್ದನ್ನೆಲ್ಲ ಹೆಕ್ಕಿ ಹಾಕಿಕೊಂಡಿದ್ದೆ.

ಈಗ ನಿಮ್ಮ ವ್ಯಾಯಾಮದ ವಿಷಯ. 2008ರಲ್ಲಿ ಅಮೆರಿಕದ ಡೆನ್ವರ್‌ನ ಕ್ರೀಡಾ ವಿಜ್ಞಾನಿ ನೀಲ್ ವೋಲ್ಕೊಡಾಫ್ ಎಂಟು ಜನರಿಗೆ ಉಪಕರಣ ಕಟ್ಟಿ ಗುಡ್ಡದ ಕೋರ್ಸ್‌ನಲ್ಲಿ ಒಂಬತ್ತು ಹೋಲ್ ಆಡಿಸಿ ನೋಡಿದ. ಬ್ಯಾಗು ಹೊತ್ತವರು ಸುಟ್ಟದ್ದು 721 ಕ್ಯಾಲೊರಿ, ಟ್ರಾಲಿ ತಳ್ಳಿದವರು 718. ಮೂರು ಕ್ಯಾಲೊರಿ! ನನ್ನ ಡಬ್ಬಿಯ ಚಕ್ಕುಲಿಯಲ್ಲಿ ಒಂದು ಚೂರಿಗೂ ಸಾಲದು. ಹೋಗಲಿ ಅಂದರೆ ಸ್ಕೋರು (ಗಾಲ್ಫ್‌ನಲ್ಲಿ ಹೊಡೆತ ಕಮ್ಮಿಯಾದಷ್ಟೂ ಒಳ್ಳೇದು): ಟ್ರಾಲಿಯವರ ಸರಾಸರಿ 40, ಹೊತ್ತವರದು 45. ಎಂಟೇ ಜನ, ವೇದವಾಕ್ಯ ಅನ್ನಲಾರೆ. ಆದರೆ ‘ಹೊತ್ತರೇ ವ್ಯಾಯಾಮ’ ಅನ್ನೋ ಮಾತನ್ನು ಬಿಟ್ಟುಬಿಡಿ. ವ್ಯಾಯಾಮ ಇರೋದು ನಡೆಯೋದರಲ್ಲಿ, ಗುಡ್ಡ ಹತ್ತೋದರಲ್ಲಿ. ಟ್ರಾಲಿ ಮುದುಕರಿಗೆ ಅನ್ನೋದೂ ಸುಳ್ಳೇ. ಅಮೆರಿಕದ ಕಾಲೇಜು ತಂಡಗಳ ಇಪ್ಪತ್ತರ ಹುಡುಗರು ರಾಜಾರೋಷವಾಗಿ ತಳ್ಳಿಕೊಂಡು ಆಡ್ತಾರೆ.

ಹಾಗಾದರೆ ಟ್ರಾಲಿ ಕೊಳ್ಳಲಾ ಅಂತೀರಿ. ತಡೆಯಿರಿ. ನಾನು ಈಗಲೂ ಹೊತ್ತೇ ಆಡೋದು! ಆದರೆ ಏಳೇ ಕ್ಲಬ್. ದೂರ ಹೊಡೆಯೋಕೆ ಒಂದು ಫೈವ್ ವುಡ್, ನಡುವಿನ ದೂರಕ್ಕೆ ನಾಲ್ಕು ಐರನ್‌ಗಳು, ಒಂದು ವೆಡ್ಜ್, ಪಟ್ಟರ್. ಕಾಲಿರುವ ಹಗುರ ಬ್ಯಾಗು, ಎರಡೂ ಭುಜಕ್ಕೆ ಪಟ್ಟಿ, ಚೆಂಡು ಆರು. ಎಲ್ಲ ಸೇರಿ ಏಳು ಕೆಜಿಗಿಂತ ಕಮ್ಮಿ. ಎರಡು ಪಟ್ಟಿ ಅಂದರೆ ನಮ್ಮ ಕಡೆಯ ಅಡ್ಡೆ ಇದ್ದ ಹಾಗೆ, ಭಾರ ಎರಡೂ ಕಡೆ ಹಂಚಿಹೋಗುತ್ತೆ. ಬ್ಯಾಗು ನಿಂತೇ ಇರೋದರಿಂದ ಬಗ್ಗೋ ಮಾತೇ ಇಲ್ಲ. ಏಳು ಸಾಲುತ್ತಾ ಅನ್ನಬೇಡಿ: 1916ರಲ್ಲಿ ಚಿಕ್ ಇವಾನ್ಸ್ ಏಳೇ ಕ್ಲಬ್‌ನಲ್ಲಿ ಯುಎಸ್ ಓಪನ್ ಗೆದ್ದ. ಹದಿನಾಲ್ಕು ಅನ್ನೋದು ಮೇಲಿನ ಮಿತಿ, 1938–39ರಲ್ಲಿ ತಂದ ನಿಯಮ. ಹದಿನಾಲ್ಕೂ ತುಂಬಲೇಬೇಕು ಅಂತ ಯಾರೂ ಹೇಳಿಲ್ಲ. ನನ್ನ ಸ್ಕೋರು ಏಳು ಕ್ಲಬ್ಬಿಗೆ ಇಳಿದಮೇಲೆ ಎರಡು ಹೊಡೆತ ಸುಧಾರಿಸಿತು. ಯಾವುದು ತೆಗೆಯಲಿ ಅಂತ ತಲೆ ಕೆರೆದುಕೊಳ್ಳೋದು ನಿಂತಿತಲ್ಲ.

ಹದಿನಾಲ್ಕೂ ಬೇಕೇ ಬೇಕು ಅನ್ನೋದಾದರೆ ಮರುಮಾತಿಲ್ಲದೆ ಟ್ರಾಲಿ. ಮುಂದೆ ತಳ್ಳುವ ಮೂರು ಚಕ್ರದ್ದು ತಗೊಳ್ಳಿ. ಹಿಂದೆ ಎಳೆಯುವ ಎರಡು ಚಕ್ರದ್ದು ಬೇಡ, ಅದೂ ಒಂದೇ ಭುಜ ತಿರುಚುತ್ತೆ. ಬ್ರೇಕ್ ಹಾಕಿದೆಯಾ ಅಂತ ಎರಡು ಸಲ ನೋಡಿ. ಬ್ರೇಡ್ ಹಿಲ್ಸ್‌ನಲ್ಲಿ ಬಿಟ್ಟ ಟ್ರಾಲಿ ಸೀದಾ ಗಾರ್ಸ್ ಪೊದೆಗೆ ಹೋಗುತ್ತೆ. ಆ ಹಳದಿ ಹೂವಿಗೆ ಥೇಟ್ ಕೊಬ್ಬರಿ ವಾಸನೆ, ಆದರೆ ಒಳಗೆ ಕೈ ಹಾಕಿದರೆ ಬರೀ ಮುಳ್ಳು. ಇನ್ನೊಂದು, ಚಳಿಗಾಲದಲ್ಲಿ ನೆಲ ಕೆಸರಾದಾಗ ಇಲ್ಲಿ ಎಷ್ಟೋ ಗಾಲ್ಫ್ ಕೋರ್ಸ್‌ಗಳವರು ಟ್ರಾಲಿಯನ್ನೇ ಒಳಗೆ ಬಿಡಲ್ಲ. ಮತ್ತೆ, ನಿಮ್ಮ ಮನೆ ನನ್ನದರ ಹಾಗೆ ಲಿಫ್ಟಿಲ್ಲದ ಹಳೇ ಕಟ್ಟಡದ ಮೂರನೇ ಮಹಡಿಯಾದರೆ, ಏಳೆಂಟು ಕೆಜಿಯ ಟ್ರಾಲಿಯನ್ನು ಕೆಸರು ಚಕ್ರದ ಸಮೇತ ಮೆಟ್ಟಿಲು ಹತ್ತಿಸೋದು ಯಾರು? ಕೆಳಗಿನ ಮನೆಯಾಕೆ ಬಾಗಿಲು ತೆರೆದು ನೋಡ್ತಾಳೆ.

ನಿಮ್ಮ ಬ್ಯಾಗಿಗೆ ಕಾಲಿದೆಯೋ ಇಲ್ಲವೋ ನೀವು ಬರೆದಿಲ್ಲ. ಇವತ್ತು ರಾತ್ರಿ ಅದನ್ನು ಒಮ್ಮೆ ತೂಗಿ, ಕೆಜಿ ಎಷ್ಟು, ಚೆಂಡೆಷ್ಟು ಅಂತ ಕೆಳಗೆ ಬರೆಯಿರಿ. ಟ್ರಾಲಿ ಯಾವುದು ಅನ್ನೋದು ಆಮೇಲೆ ನೋಡೋಣ.