ರಂಗ ಪ್ರಶ್ನೋತ್ತರ: ಷೇಕ್ಸ್‌ಪಿಯರ್‌ನ ನಾಟಕ ‘ಮ್ಯಾಕ್‌ಬೆತ್’

ಪ್ರಶ್ನೆ: ಮ್ಯಾಕ್‌ಬೆತ್ ಕೊಲೆಗಾರನಾಗಲು ಮಾಟಗಾತಿಯರೇ ಕಾರಣವಲ್ಲವೇ?

ಉತ್ತರ: ಅಲ್ಲ. 1ನೇ ಅಂಕದ 3ನೇ ದೃಶ್ಯ ನೋಡಿ. ದೊರೆಯಾಗುತ್ತೀಯ ಎನ್ನುತ್ತಾರೆಯೇ ಹೊರತು ಕೊಲ್ಲು ಎನ್ನುವುದಿಲ್ಲ. ಕೊಲೆಯ ಯೋಚನೆ ಅವನದೇ. ಪಕ್ಕದಲ್ಲಿದ್ದ ಜೊತೆ ಸೇನಾಪತಿ ಬ್ಯಾಂಕೋಗೂ ಭವಿಷ್ಯ ಹೇಳಿದ್ದರು. ಅವನು ಯಾರ ಮೇಲೂ ಕತ್ತಿ ಎತ್ತಲಿಲ್ಲ. ಮುಂದಿನ ದೃಶ್ಯದಲ್ಲಿ ದೊರೆ ಡಂಕನ್ ತನ್ನ ಮಗ ಮಾಲ್ಕಮ್‌ನನ್ನು ಉತ್ತರಾಧಿಕಾರಿಯೆಂದು ಸಾರಿದಾಗ ಮ್ಯಾಕ್‌ಬೆತ್‌ಗೆ ಅದು ಅಡ್ಡಗಾಲಾಗಿ ಕಾಣುತ್ತದೆ.

ಪ್ರಶ್ನೆ: ಕಾಲೇಜು ಪ್ರಯೋಗಕ್ಕೆ ಸಮಯ ಕಡಿಮೆ. ಕುಡುಕ ದ್ವಾರಪಾಲಕನ ಮಾತು ಬಿಡಬಹುದೇ?

ಉತ್ತರ: ಮೊಟಕುಗೊಳಿಸಿ, ಪೂರ್ತಿ ಬಿಡಬೇಡಿ. ಮ್ಯಾಕ್‌ಬೆತ್ ಡಂಕನ್‌ನನ್ನು ಕೊಲ್ಲುವುದು ನೇಪಥ್ಯದಲ್ಲಿ. ಆಮೇಲೆ ಗಂಡಹೆಂಡಿರಿಬ್ಬರೂ ರಕ್ತದ ಕೈಯಲ್ಲೇ ಒಳಹೋಗುತ್ತಾರೆ; ಸ್ವಲ್ಪ ಹೊತ್ತಿಗೆ ಮ್ಯಾಕ್‌ಬೆತ್ ಶುಭ್ರವಾಗಿ ಬರಬೇಕು. ಕೈ ತೊಳೆದು ಬಟ್ಟೆ ಬದಲಿಸಲು ಸಿಗುವ ಬಿಡುವು ಈ ಕುಡುಕನ ಹರಟೆಯೇ! ಸೈಡ್‌ವಿಂಗ್‌ನಲ್ಲಿ ಎರಡು ಬಕೆಟ್ ನೀರು, ಸೋಪು, ಟವೆಲ್ ಇಡಿ. ಬಣ್ಣ ಮಣಿಕಟ್ಟು ದಾಟದಿರಲಿ, ತೋಳಿಗೆ ಹತ್ತಿದರೆ ತೊಳೆಯಲು ಹೊತ್ತು ಸಾಲದು.

ಸಾಮಾನ್ಯವಾಗಿ ಎಡವುವುದು ಕೊಲೆಗೆ ಬಳಸಿದ ಕಠಾರಿಗಳ ವಿಷಯದಲ್ಲಿ. ಕೊಂದು ಬರುವಾಗ ಮ್ಯಾಕ್‌ಬೆತ್ ಪಾತ್ರದ ನಟ ಅವನ್ನು ಎತ್ತಿ ಹಿಡಿದೇ ಪ್ರವೇಶಿಸುತ್ತಾನೆ. ಆದರೆ ಅವನ್ನೇಕೆ ಇಲ್ಲಿ ತಂದೆ ಎಂದು ಹೆಂಡತಿ ಕೇಳುವುದು ಎಷ್ಟೋ ಮಾತಾದ ಮೇಲೆ. ಮೊದಲೇ ಕಣ್ಣಿಗೆ ರಾಚಿದರೆ ಅವಳ ಪ್ರಶ್ನೆ ಪೆದ್ದುಪೆದ್ದಾಗಿ ಕೇಳುತ್ತದೆ. ಮೈಗೆ ಒತ್ತಿ, ನಿಲುವಂಗಿಯ ಮಡಿಕೆಯಲ್ಲಿ ಮರೆಮಾಡಲಿ, ಬೆಳಕೂ ಮಂದವಿರಲಿ.

ಪ್ರಶ್ನೆ: ಇದು ನಿಜವಾಗಿ ನಡೆದದ್ದೇ?

ಉತ್ತರ: ಅರ್ಧಂಬರ್ಧ. ಸ್ಕಾಟ್ಲೆಂಡಿನ ಡಂಕನ್ 1040ರಲ್ಲಿ ಸತ್ತದ್ದು ಯುದ್ಧದಲ್ಲಿ, ನಾಟಕದಲ್ಲಿರುವಂತೆ ಹಾಸಿಗೆಯಲ್ಲಲ್ಲ. ಮ್ಯಾಕ್‌ಬೆತ್ 1057ರವರೆಗೆ ಆಳಿದ.