ಶ್ರುತಿ ಇಳಿಸಿ ಹಾಡಿದರೆ ತಪ್ಪೇನು?

ಓದುಗರ ಪತ್ರ: ‘ಎಂಬತ್ತರ ಅಂಚಿನಲ್ಲಿರುವ ಗಾಯಕರ ಕಾರ್ಯಕ್ರಮಗಳಿಗೆ ಜನ ಮುಗಿಬೀಳುವುದನ್ನು ಕಳೆದ ಸಂಚಿಕೆಯಲ್ಲಿ ಕೊಂಡಾಡಿದ್ದೀರಿ. ಆ ಜನ ಹುಡುಕಿಕೊಂಡು ಹೋಗುವುದು ಹಾಡನ್ನಲ್ಲ, ತಮ್ಮ ಕಳೆದುಹೋದ ಹರೆಯವನ್ನು. ಕಂಠ ಕೈಕೊಟ್ಟ ಮೇಲೆ ವೇದಿಕೆಯನ್ನು ಎಳೆಯರಿಗೆ ಬಿಟ್ಟುಕೊಡಬಾರದೇ?’

ಸಂಪಾದಕರ ಉತ್ತರ:

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನಾಲ್ಕೇ ಸಾಲಿನಲ್ಲಿ ಇಷ್ಟು ನೇರವಾಗಿ ಜಗಳಕ್ಕೆ ಬರುವ ಓದುಗರು ನನಗೆ ಇಷ್ಟ. ಒಂದನ್ನು ಮೊದಲೇ ಒಪ್ಪಿಬಿಡುತ್ತೇನೆ. ಹಳೆಯ ಧ್ವನಿಮುದ್ರಣಕ್ಕೆ ತುಟಿಯಾಡಿಸಿ ಸಂಭಾವನೆ ಪಡೆದು ಹೋಗುವ ಹಿರಿಯರಿದ್ದಾರೆ. ಹೊಸಬರಿಗೆ ದಕ್ಕಬೇಕಾದ ಸಂಜೆಗಳು ಹಾಗೆ ಪೋಲಾಗುವುದು ಅನ್ಯಾಯವೇ. ಆದರೆ ‘ಕಂಠ ಕೈಕೊಟ್ಟ ಮೇಲೆ’ ಎಂದಿರಲ್ಲ, ಅಲ್ಲಿ ನನ್ನ ನಿಮ್ಮ ದಾರಿ ಬೇರೆಯಾಗುತ್ತದೆ.

ಹರೆಯದ ಮಾತು ಪೂರ್ತಿ ಸುಳ್ಳಲ್ಲ. ಹತ್ತರಿಂದ ಮೂವತ್ತು ವರ್ಷದೊಳಗಿನ ನೆನಪುಗಳು ಉಳಿದ ವಯಸ್ಸಿನವಕ್ಕಿಂತ ದಟ್ಟವಾಗಿ ನಿಲ್ಲುತ್ತವೆಂದು ಮನೋವಿಜ್ಞಾನಿಗಳು ಗುರುತಿಸಿದ್ದಾರೆ. ಆದರೆ ಅದೇ ಎಲ್ಲವೂ ಆಗಿದ್ದರೆ ಕ್ಯೂಬಾದ ಮುದುಕರ ಕಥೆಗೆ ನೀವೇನು ಹೇಳುತ್ತೀರಿ? 1996ರಲ್ಲಿ ಹವಾನಾದ ಸ್ಟುಡಿಯೊ ಒಂದಕ್ಕೆ ಕೆಲವು ಹಿರಿಯ ಸಂಗೀತಗಾರರನ್ನು ಹುಡುಕಿ ತಂದರು. ಕಂಪಾಯ್ ಸೆಗುಂಡೊ ಅವರಿಗೆ ಆಗ 88. ಇಬ್ರಾಹಿಂ ಫೆರೆರ್ ಹಾಡುವುದನ್ನು ಬಿಟ್ಟು ಬೂಟು ಪಾಲಿಷ್ ಮಾಡಿ ಬದುಕುತ್ತಿದ್ದರು. ರೂಬೆನ್ ಗೊನ್ಸಾಲೆಸ್ ಪಿಯಾನೊ ವಾದಕರು, ಆದರೆ ಮನೆಯಲ್ಲಿ ಪಿಯಾನೊ ಇರಲಿಲ್ಲ. ಬೆರಳಿನ ಗಂಟುಗಳಲ್ಲಿ ಸಂಧಿವಾತ. ಸ್ಟುಡಿಯೊ ಬಾಗಿಲು ತೆರೆಯುವ ಮೊದಲೇ ಬಂದು ಕಾಯುತ್ತಿದ್ದರಂತೆ. ‘ಬ್ಯೂನಾ ವಿಸ್ಟಾ ಸೋಷಿಯಲ್ ಕ್ಲಬ್’ ಎಂಬ ಆ ಧ್ವನಿಮುದ್ರಿಕೆ 1997ರಲ್ಲಿ ಬಂದಾಗ ಜಗತ್ತಿನ ಉದ್ದಗಲಕ್ಕೂ ಅದನ್ನು ಕೊಂಡವರಲ್ಲಿ ಬಹುಪಾಲು ಜನ ಆ ಹಾಡುಗಳನ್ನು ಹರೆಯದಲ್ಲಿ ಕೇಳಿಯೇ ಇರಲಿಲ್ಲ, ಆ ಭಾಷೆಯನ್ನೂ ಅರಿಯರು. ಅವರು ಯಾವ ಹರೆಯವನ್ನು ಹುಡುಕುತ್ತಿದ್ದರು, ಹೇಳಿ.

ವಯಸ್ಸಾದಂತೆ ಧ್ವನಿತಂತುಗಳು ಬಿಗಿ ಕಳೆದುಕೊಳ್ಳುತ್ತವೆ, ಶ್ವಾಸಕೋಶದ ಕಸುವು ತಗ್ಗುತ್ತದೆ. ತಾರಸ್ಥಾಯಿ ದಕ್ಕುವುದಿಲ್ಲ, ಒಂದೇ ಉಸಿರಿಗೆ ಉದ್ದ ಸಾಲು ಸಾಗುವುದಿಲ್ಲ. ಇದಿಷ್ಟನ್ನೂ ನೀವು ಸೋಲೆಂದು ಲೆಕ್ಕ ಹಾಕಿದ್ದೀರಿ. ವರ್ಷಗಳ ಹಿಂದೆ ವಯೋವೃದ್ಧ ಗಾಯಕಿಯೊಬ್ಬರ ಕಾರ್ಯಕ್ರಮಕ್ಕೆ ಹೋಗಿದ್ದೆ. ನನಗೆ ಬಾಯಿಪಾಠವಾಗಿದ್ದ ಹಾಡನ್ನೇ ಶ್ರುತಿ ಇಳಿಸಿ ಎತ್ತಿಕೊಂಡರು. ಪಲ್ಲವಿಯ ಸಾಲಿನ ನಡುವೆ ಉಸಿರು ಸಾಲದೆ ನಿಂತರು. ಹಳೆಯ ಮುದ್ರಿಕೆಯಲ್ಲಿ ಸರ್ರನೆ ಕೂಡಿಹೋಗುತ್ತಿದ್ದ ಎರಡು ಪದಗಳು ಅಲ್ಲಿ ಬಿಡಿಬಿಡಿಯಾದವು. ಮೂವತ್ತು ವರ್ಷ ಗುನುಗಿದ ಸಾಲಿನ ಅರ್ಥ ನನಗೆ ಆ ರಾತ್ರಿ ಹೊಳೆಯಿತು.

ಕೆನಡಾ ಮೂಲದ ಗಾಯಕಿ, ಗೀತರಚನೆಕಾರ್ತಿ ಜೋನಿ ಮಿಚೆಲ್ ವಿಚಾರಕ್ಕೆ ಬರುತ್ತೇನೆ. ನಿಮ್ಮ ಪತ್ರ ಓದಿದಾಗ ಮೊದಲು ನೆನಪಾದದ್ದು ಅವರೇ. ಬದುಕನ್ನು ಎರಡೂ ಬದಿಯಿಂದ ನೋಡಿದೆ, ಆದರೂ ಅರಿಯಲಾಗಲಿಲ್ಲ ಎಂಬರ್ಥದ ‘ಬೋತ್ ಸೈಡ್ಸ್ ನೌ’ ಹಾಡನ್ನು ಅವರು ಬರೆದದ್ದು ಇಪ್ಪತ್ತರ ಹರೆಯದಲ್ಲಿ. 2015ರಲ್ಲಿ ಮೆದುಳಿನ ರಕ್ತನಾಳ ಒಡೆದು ಮಾತು, ನಡಿಗೆ ಎರಡೂ ಹೋದವು. ಗಿಟಾರಿನ ಮೇಲೆ ಬೆರಳು ಎಲ್ಲಿಡಬೇಕೆಂಬುದನ್ನು ತಮ್ಮದೇ ಹಳೆಯ ವಿಡಿಯೊಗಳನ್ನು ನೋಡಿ ಕಲಿತರು. ಯೌವನದ ತನಗೇ ಶಿಷ್ಯೆಯಾಗಿ ಕುಳಿತ ಆ ಹೆಂಗಸನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ! 2022ರಲ್ಲಿ, 78ರ ಪ್ರಾಯದಲ್ಲಿ, ಅಮೆರಿಕದ ನ್ಯೂಪೋರ್ಟ್ ಜಾನಪದ ಉತ್ಸವದ ವೇದಿಕೆಯಲ್ಲಿ ಕುರ್ಚಿಯ ಮೇಲೆ ಕುಳಿತು ಅದೇ ಹಾಡನ್ನು ಮಂದ್ರದಲ್ಲಿ ಹಾಡಿದರು. ಹಿಂದಿದ್ದ ಗಾಯಕಿ ವೈನೋನಾ ಜಡ್ ಅಳು ತಡೆಯಲಾಗದೆ ಹೋದರು. ಇಪ್ಪತ್ತರ ಹುಡುಗಿ ಊಹಿಸಿ ಬರೆದದ್ದಕ್ಕೆ ಮುದುಕಿ ಸಾಕ್ಷಿ ನುಡಿದಂತಿತ್ತು ಅದು.

ಆಶಾ ಭೋಸ್ಲೆ 2023ರಲ್ಲಿ ತಮ್ಮ 90ನೆಯ ಹುಟ್ಟುಹಬ್ಬದಂದು ದುಬೈಯಲ್ಲಿ ಹಾಡಿದರು. ಅವರನ್ನೂ ಮನೆಯಲ್ಲಿ ಕೂರಿ ಎನ್ನುತ್ತಿದ್ದಿರಾ?

ಹಳೆಯದರ ಹಂಬಲದ ಮೇಲೆ ಸಿಟ್ಟಾಗಲೇಬೇಕೆಂದರೆ ಆ ಸಿಟ್ಟಿಗೆ ತಕ್ಕ ಜಾಗ ಬೇರೆ ಇದೆ. ಲಂಡನ್ನಿನಲ್ಲಿ 2022ರಿಂದ ಸ್ವೀಡನ್ನಿನ ಪಾಪ್ ಗಾಯನ ತಂಡ ಅಬ್ಬಾದ ಪ್ರದರ್ಶನ ನಡೆಯುತ್ತಿದೆ. ವೇದಿಕೆಯ ಮೇಲಿರುವುದು ಎಪ್ಪತ್ತು ದಾಟಿದ ಆ ನಾಲ್ವರಲ್ಲ, 1979ರ ಚಹರೆಯಲ್ಲಿ ಕಂಪ್ಯೂಟರಿನಿಂದ ಮೂಡಿಸಿದ ಅವರ ಬಿಂಬಗಳು. ಬದುಕಿರುವವರನ್ನು ಮರೆಗೆ ಸರಿಸಿ ಅವರ ಯೌವನಕ್ಕೆ ಮಾತ್ರ ಟಿಕೆಟ್ ಮಾರುವುದು ನನಗೆ ಸಂಕಟ ತರುತ್ತದೆ. ನೀವು ಕೇಳುತ್ತಿರುವುದೂ ಬಹುತೇಕ ಇದನ್ನೇ: ಹಾಡು ಇರಲಿ, ಹಾಡಿದವರಿಗೆ ವಯಸ್ಸಾದದ್ದು ಕಾಣದಿರಲಿ.

ಇದು ಸಂಗೀತಕ್ಕಷ್ಟೇ ತಗುಲಿದ ರೋಗವಲ್ಲ. ಭಾವಚಿತ್ರದಲ್ಲಿ ಸುಕ್ಕು ಅಳಿಸುತ್ತೇವೆ, ಅಪಸ್ವರವನ್ನು ತಂತ್ರಾಂಶ ಹಾಕಿ ನೇರ ಮಾಡುತ್ತೇವೆ. ನಾನು ಮೊದಲು ದುಡಿದ ಪತ್ರಿಕೆಯಲ್ಲಿ ಕರಡು ತಿದ್ದುವ ಹಿರಿಯರೊಬ್ಬರನ್ನು ಕಣ್ಣು ಮಂಜಾಯಿತೆಂದು ಕೆಲಸದಿಂದ ಬಿಡಿಸಿದರು. ಹೌದು, ಅವರಿಗೆ ಒಮ್ಮೊಮ್ಮೆ ದೀರ್ಘ ತಪ್ಪುತ್ತಿತ್ತು. ಆದರೆ ಬರೆದವನಿಗೇ ಅರ್ಥವಾಗದ ವಾಕ್ಯವೊಂದು ಅವರ ಮೇಜು ದಾಟಿ ಹೋದದ್ದನ್ನು ನಾನು ಕಾಣೆ. ಅವರು ಹೋದ ಮೇಲೆ ಅಂಥ ವಾಕ್ಯಗಳು ವಾರಕ್ಕೆ ಹತ್ತು ಅಚ್ಚಾದವು. ಒಂದಕ್ಷರವೂ ತಪ್ಪಿಲ್ಲದೆ.

ನಿಮ್ಮಿಂದ ಒಂದು ಕೆಲಸ ಆಗಬೇಕು. ಜೋನಿಯ ಆ ಹಾಡು 1969ರ ಮುದ್ರಣದಲ್ಲಿದೆ, ವಾದ್ಯವೃಂದದೊಂದಿಗೆ 2000ದಲ್ಲಿ ಮತ್ತೆ ಹಾಡಿದ್ದಿದೆ, 2022ರದ್ದೂ ಇದೆ. ಇದೇ ಕ್ರಮದಲ್ಲಿ, ಒಂದೇ ರಾತ್ರಿ, ಮೂರನ್ನೂ ಕೇಳಿ. ಕಂಠ ಯಾವುದರಲ್ಲಿ ಕೈಕೊಟ್ಟಿತೆಂದು ನನಗೆ ಬರೆಯಿರಿ. ಆ ಪತ್ರವನ್ನು ಒಂದು ಪದವನ್ನೂ ಕತ್ತರಿಸದೆ ಪ್ರಕಟಿಸುತ್ತೇನೆ.