ಸಾಲಿಗೊಂದು ತಪ್ಪಿಟ್ಟರೆ ಸಾಲದು

ನಮಸ್ಕಾರ ಮೇಡಂ,

ನಿಮ್ಮ ಹಸ್ತಪ್ರತಿಯನ್ನು ಪೂರ್ತಿ ಓದಿದೆ. ಪದವಿ ಮುಗಿಸಿ ಇಂಗ್ಲಿಷ್ ಪತ್ರಿಕೆಯನ್ನು ಸರಾಗವಾಗಿ ಓದುವ, ಆದರೆ ತಾವೇ ಬರೆದದ್ದನ್ನು ತಿದ್ದಿಕೊಳ್ಳಲು ತಡವರಿಸುವ ಕನ್ನಡದ ಮಕ್ಕಳಿಗಾಗಿ ಇಂಗ್ಲಿಷ್ ಕರಡು ತಿದ್ದುವ 40 ಪಾಠಗಳ ಅಭ್ಯಾಸ ಪುಸ್ತಕ. ಪಾಠಕ್ಕೆ 20 ಬಿಡಿ ವಾಕ್ಯ, ವಾಕ್ಯಕ್ಕೊಂದು ತಪ್ಪು, ಕೊನೆಯಲ್ಲಿ ಉತ್ತರ, ವಿವರಣೆಯೆಲ್ಲ ಕನ್ನಡದಲ್ಲಿ. ಇಂಥದ್ದೊಂದು ಪುಸ್ತಕ ಬರಲೇಬೇಕು ಎಂದು ನನಗೂ ಆಸೆಯಿದೆ. ಆದರೆ ಈಗಿರುವ ರೂಪದಲ್ಲಿ ಇದನ್ನು ಅಚ್ಚಿಗೆ ಕಳಿಸಲಾರೆ. ಎರಡು ಒಳ್ಳೆಯ ಮಾತು ಬರೆದು ವಾಪಸು ಕಳಿಸಿದರೆ ನಿಮ್ಮ ಶ್ರಮಕ್ಕೆ ಅನ್ಯಾಯವಾಗುತ್ತದೆ. ಹಾಗಾಗಿ ಎಲ್ಲವನ್ನೂ ಬಿಡಿಸಿಯೇ ಬರೆಯುತ್ತಿದ್ದೇನೆ.

ಮೂಲ ತೊಂದರೆ ನೀವು ಆರಿಸಿಕೊಂಡ ಚೌಕಟ್ಟಿನದು. ಪ್ರತಿ ವಾಕ್ಯದಲ್ಲೂ ತಪ್ಪು ಇದ್ದೇ ಇದೆ, ಒಂದೇ ಇದೆ ಎಂದು ಓದುವವರಿಗೆ ಮೊದಲೇ ಗೊತ್ತು. ಅವರು ವಾಕ್ಯ ಓದುವುದಿಲ್ಲ, ತಪ್ಪು ಹುಡುಕುತ್ತಾರೆ. ಅದು ಸಿಕ್ಕ ಕೂಡಲೇ ಮುಂದಿನ ವಾಕ್ಯಕ್ಕೆ ಹಾರುತ್ತಾರೆ. ಕರಡು ನೋಡುವವರಿಗೆ ಇಂಥ ಭರವಸೆಯನ್ನು ಯಾರೂ ಕೊಡುವುದಿಲ್ಲ. ಎರಡು ಪುಟ ಸ್ವಚ್ಛವಾಗಿ ಸಾಗಿ, ಮೂರನೆಯ ಪುಟದ ಒಂದೇ ಸಾಲಿನಲ್ಲಿ ಮೂರು ತಪ್ಪು ಕೂತಿರುತ್ತವೆ. ಒಂದನ್ನು ಹಿಡಿದ ಸಮಾಧಾನದಲ್ಲಿ ಅದರ ಪಕ್ಕದ್ದು ಕಣ್ತಪ್ಪಿ ಹೋಗುವುದನ್ನು ಪ್ರೂಫ್ ನೋಡುವವರೆಲ್ಲ ಬಲ್ಲರು. ಪರೀಕ್ಷೆ ನಡೆಸುವವರಿಗೂ ಇದು ತಿಳಿದಿದೆ. ನಮ್ಮ ಬ್ಯಾಂಕ್ ಪರೀಕ್ಷೆ, ಸ್ಟಾಫ್ ಸೆಲೆಕ್ಷನ್ ಪರೀಕ್ಷೆಗಳ ತಪ್ಪು ಗುರುತಿಸುವ ಪ್ರಶ್ನೆಗಳಲ್ಲಿ ‘ನೋ ಎರರ್’ ಎಂಬ ಆಯ್ಕೆ ಇರುವುದು ಅದಕ್ಕೇ. ಕೇಂಬ್ರಿಜ್‌ನ ಅಡ್ವಾನ್ಸ್ಡ್ ಮಟ್ಟದ ಇಂಗ್ಲಿಷ್ ಪರೀಕ್ಷೆಯಲ್ಲೂ 2008ರ ಡಿಸೆಂಬರಿನ ಪರಿಷ್ಕರಣೆಯವರೆಗೆ ಇಂಥದೊಂದು ಪ್ರಶ್ನೆ ಇತ್ತು. ಅಲ್ಲಿ ಕೊಡುತ್ತಿದ್ದದ್ದು ಒಂದು ಇಡೀ ಬರಹ. ಕೆಲವು ಸಾಲುಗಳಲ್ಲಿ ತಪ್ಪು, ಕೆಲವು ಸಾಲು ಸರಿ. ಸರಿಯಿದ್ದ ಸಾಲಿಗೆ ಸರಿ ಗುರುತು ಹಾಕಿದರೆ ಮಾತ್ರ ಅಂಕ. ನಿಮ್ಮ 800 ವಾಕ್ಯಗಳಲ್ಲಿ ಸರಿ ಎಂದು ನೀವು ಕೊಟ್ಟ ವಾಕ್ಯ ಒಂದೂ ಇಲ್ಲ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಮೇಲಿನ ಹಂತದ ಕಲಿಕೆಗಾರರ ದೊಡ್ಡ ಸಮಸ್ಯೆ ಬಿಟ್ಟುಹೋದ ತಪ್ಪಲ್ಲ, ಸರಿಯಿದ್ದದ್ದನ್ನು ಕೆಡಿಸುವುದು. ‘ಡಿಸ್ಕಸ್ ಅಬೌಟ್’ ತಪ್ಪು ಎಂದು ನೀವು ಆರನೇ ಪಾಠದಲ್ಲಿ ಹೇಳಿಕೊಟ್ಟಿದ್ದೀರಿ. ಅದನ್ನು ಕಲಿತ ಹುಡುಗ ಮರುದಿನ ‘ಎ ಡಿಸ್ಕಷನ್ ಅಬೌಟ್ ಫೀಸ್’ ಎಂಬ ಕಡೆಯೂ ‘ಅಬೌಟ್’ ಹೊಡೆದು ಹಾಕುತ್ತಾನೆ. ‘ಟು’ ಆದ ಮೇಲೆ ಕ್ರಿಯಾಪದದ ಮೂಲರೂಪ ಬರಬೇಕು ಎಂದು ಬಾಯಿಪಾಠ ಮಾಡಿದವಳು ‘ಲುಕಿಂಗ್ ಫಾರ್ವರ್ಡ್ ಟು ಮೀಟಿಂಗ್ ಯು’ ಎಂಬುದನ್ನು ‘ಟು ಮೀಟ್ ಯು’ ಎಂದು ತಿದ್ದುತ್ತಾಳೆ. ಕನ್ನಡದಲ್ಲಿ ‘ಎ’, ‘ದಿ’ಗಳಿಗೆ ಸಾಟಿಯಾದದ್ದು ಇಲ್ಲದ್ದರಿಂದ ಆರಂಭದಲ್ಲಿ ನಮ್ಮ ಮಕ್ಕಳು ‘ದಿ’ ಬಿಟ್ಟು ಬರೆಯುತ್ತಾರೆ. ಬೈಸಿಕೊಂಡು ಬೈಸಿಕೊಂಡು, ಮೇಲಿನ ಹಂತಕ್ಕೆ ಬರುವ ಹೊತ್ತಿಗೆ ‘ದಿ ನೇಚರ್’, ‘ದಿ ಸೊಸೈಟಿ’ ಎಂದು ಬೇಡದ ಕಡೆಯೆಲ್ಲ ಸೇರಿಸತೊಡಗುತ್ತಾರೆ. ಸಾಲಿಗೊಂದು ತಪ್ಪಿಟ್ಟ ಪುಸ್ತಕ ಈ ಚಾಳಿಯನ್ನು ಬೆಳೆಸುತ್ತದೆ, ಏಕೆಂದರೆ ಅಲ್ಲಿ ಅನುಮಾನಕ್ಕೆ ಪ್ರತಿ ಸಲವೂ ಬಹುಮಾನ ಸಿಗುತ್ತದೆ.

ನಿಮ್ಮ 14ನೇ ಪಾಠದ ವಾಕ್ಯವನ್ನೇ ನೋಡಿ: ‘ದಿ ಲಿಸ್ಟ್ ಆಫ್ ಕ್ಯಾಂಡಿಡೇಟ್ಸ್ ಹೂ ಹ್ಯಾವ್ ಕ್ಲಿಯರ್ಡ್ ದಿ ಟೆಸ್ಟ್ ಹ್ಯಾವ್ ಬೀನ್ ಪುಟ್ ಅಪ್.’ ಬಹಳ ಒಳ್ಳೆಯ ವಾಕ್ಯ. ಇದರಲ್ಲಿ ‘ಹ್ಯಾವ್’ ಎರಡು ಸಲ ಬಂದಿದೆ. ಮೊದಲನೆಯದು ಅಭ್ಯರ್ಥಿಗಳಿಗೆ ಸೇರಿದ್ದು, ಸರಿಯಾಗಿದೆ. ಎರಡನೆಯದು ಪಟ್ಟಿಗೆ ಸೇರಿದ್ದು, ‘ಹ್ಯಾಸ್’ ಆಗಬೇಕು. ಕರ್ತೃಪದಕ್ಕೂ ಕ್ರಿಯಾಪದಕ್ಕೂ ನಡುವೆ ಇಷ್ಟು ಮಾತು ತುಂಬಿಕೊಂಡಾಗ ಪಳಗಿದ ಕೈಯೂ ಎಡವುತ್ತದೆ. ಆದರೆ ಉತ್ತರದ ಪುಟದಲ್ಲಿ ನೀವು ‘ಹ್ಯಾವ್ ಬದಲು ಹ್ಯಾಸ್’ ಎಂದಷ್ಟೇ ಬರೆದಿದ್ದೀರಿ. ಯಾವ ‘ಹ್ಯಾವ್’? ಮೊದಲನೆಯದನ್ನು ಬದಲಿಸಿದ ವಿದ್ಯಾರ್ಥಿಯೂ ತನ್ನ ಉತ್ತರ ಸರಿ ಎಂದುಕೊಂಡು ಮುಂದೆ ಹೋಗುತ್ತಾನೆ. ಮೊದಲನೆಯದು ಯಾಕೆ ಹಾಗೇ ಉಳಿಯಬೇಕು ಎಂಬ ಎರಡು ಸಾಲೇ ಆ ಪಾಠದ ಜೀವ. ಅದನ್ನು ಬರೆಯಿರಿ.

ಬಿಡಿ ವಾಕ್ಯ ಬೇಡ ಎನ್ನಲು ಇನ್ನೊಂದು ಕಾರಣವೂ ಇದೆ. ಈ ಹಂತದ ತಪ್ಪುಗಳಲ್ಲಿ ಎಷ್ಟೋ ಒಂದು ವಾಕ್ಯದೊಳಗೆ ಕಾಣುವುದೇ ಇಲ್ಲ. ‘ನಾಳೆ ಬರುತ್ತೇನೆ ಎಂದು ಹೇಳಿದ’ ಎಂದು ನಾವು ಕನ್ನಡದಲ್ಲಿ ಹೇಳುತ್ತೇವೆ. ಮಾತು ಆಡಿದವನದೇ, ‘ಎಂದು’ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದೇ ಜಾಡಿನಲ್ಲಿ ‘ಹಿ ಸೆಡ್ ದಟ್ ಐ ವಿಲ್ ಕಮ್ ಟುಮಾರೋ’ ಎಂದು ಬರೆದರೆ ಬರುವವನು ಅವನಲ್ಲ, ಬರೆದ ನಾನು. ವಾಕ್ಯವನ್ನು ಒಂಟಿಯಾಗಿ ನಿಲ್ಲಿಸಿದರೆ ವ್ಯಾಕರಣದಲ್ಲಿ ಕೊಂಕಿಲ್ಲ. ಮುಂದಿನ ಸಾಲಿನಲ್ಲಿ ಅವನಿಗಾಗಿ ಎಲ್ಲರೂ ಕಾಯುತ್ತಿದ್ದಾರೆ ಎಂದು ಓದಿದಾಗಲೇ ಯಡವಟ್ಟು ತಿಳಿಯುವುದು. ‘ಹೋಗಿದ್ದೆ’ ಎಂಬುದೂ ಹಾಗೇ. ಮೈಸೂರಿಗೆ ಹೋಗಿದ್ದೆ ಎನ್ನುವುದನ್ನು ‘ಐ ಹ್ಯಾಡ್ ಗಾನ್ ಟು ಮೈಸೂರು’ ಎಂದು ಬರೆದರೆ ಅದು ಸರಿಯೂ ಹೌದು, ತಪ್ಪೂ ಹೌದು. ಅದರ ನಂತರ ನಡೆದ ಇನ್ನೊಂದು ಹಳೆಯ ಸಂಗತಿ ಆ ಪ್ಯಾರಾದಲ್ಲಿ ಇದ್ದರೆ ಸರಿ, ಇಲ್ಲದಿದ್ದರೆ ‘ವೆಂಟ್’ ಸಾಕು. ಒಂದೇ ವಾಕ್ಯ ಕೊಟ್ಟು ಇದನ್ನು ಕಲಿಸುವುದು ಹೇಗೆ? ನಿಮ್ಮ 22ನೇ ಪಾಠದಲ್ಲಿ ಇಂಥ ಒಂಬತ್ತು ವಾಕ್ಯಗಳಿವೆ. ಒಂದಕ್ಕೂ ಖಚಿತವಾಗಿ ತಪ್ಪು ಎಂದು ಹೇಳಲು ಬರುವುದಿಲ್ಲ.

ಈಗ ಮಟ್ಟದ ಮಾತು. ಮೊದಲ ಹನ್ನೆರಡು ಪಾಠಗಳನ್ನು ತೆಗೆದುಬಿಡಿ. ‘ಸಿನ್ಸ್ ಟೆನ್ ಇಯರ್ಸ್’, ‘ಒನ್ ಆಫ್ ಮೈ ಫ್ರೆಂಡ್’, ‘ರಿಟರ್ನ್ ಬ್ಯಾಕ್’, ‘ಕುಡ್ ಏಬಲ್ ಟು’ ಇವೆಲ್ಲ ನೀವು ಮುನ್ನುಡಿಯಲ್ಲಿ ಹೇಳಿದ ಓದುಗರು ದಾಟಿ ಬಂದ ಮೆಟ್ಟಿಲುಗಳು. ಆ ಜಾಗದಲ್ಲಿ ಅವರು ನಿಜವಾಗಿ ಎಡವುವುದನ್ನು ಕೊಡಿ. ‘ಮಳೆ ಬಂದು ಕೆರೆ ತುಂಬಿತು’ ಎಂಬುದು ಅಚ್ಚುಕಟ್ಟಾದ ಕನ್ನಡ. ಬಂದದ್ದು ಒಂದು, ತುಂಬಿದ್ದು ಇನ್ನೊಂದು, ಆದರೂ ಯಾರಿಗೂ ಗೊಂದಲವಿಲ್ಲ. ‘ಕಾಲೇಜಿಂದ ನಡೆದು ಬರುತ್ತಿರುವಾಗ ಮಳೆ ಶುರುವಾಯಿತು’ ಎಂಬುದೂ ಅಷ್ಟೇ ಸಹಜ. ‘ವಾಕಿಂಗ್ ಬ್ಯಾಕ್ ಫ್ರಮ್ ಕಾಲೇಜ್, ದಿ ರೇನ್ ಸ್ಟಾರ್ಟೆಡ್’ ಎಂದರೆ ಮಾತ್ರ ಇಂಗ್ಲಿಷಿನಲ್ಲಿ ಕಾಲೇಜಿಂದ ನಡೆದು ಬಂದದ್ದು ಮಳೆ ಎಂದಾಗುತ್ತದೆ. ಒಳ್ಳೆಯ ಅಂಕ ತೆಗೆದ ಸ್ನಾತಕೋತ್ತರ ವಿದ್ಯಾರ್ಥಿಗಳ ಪ್ರಬಂಧಗಳಲ್ಲೂ ಇದು ಪುಟಪುಟಕ್ಕೆ ಸಿಗುತ್ತದೆ, ನಿಮ್ಮ 40 ಪಾಠಗಳಲ್ಲಿ ಎಲ್ಲೂ ಇಲ್ಲ. ಎರಡು ಪೂರ್ಣ ವಾಕ್ಯಗಳ ನಡುವೆ ಬರೀ ಅಲ್ಪವಿರಾಮ ಹಾಕಿ ‘ಹೌಎವರ್’ ಎಂದು ಜೋಡಿಸುವುದು, ‘ಆನ್ ದಿ ಅದರ್ ಹ್ಯಾಂಡ್’ ಎನ್ನಬೇಕಾದಲ್ಲಿ ‘ಆನ್ ದಿ ಕಾಂಟ್ರರಿ’ ಎನ್ನುವುದು, ಪಟ್ಟಿಯ ಮೂರು ಅಂಶಗಳಲ್ಲಿ ಎರಡು ನಾಮಪದವಾಗಿ ಮೂರನೆಯದು ಕ್ರಿಯಾಪದವಾಗಿ ಬಿಡುವುದು, ಇವೂ ಇಲ್ಲ.

ಉತ್ತರಗಳ ಭಾಗದ ಬಗ್ಗೆ ಸ್ವಲ್ಪ ಕಟುವಾಗಿಯೇ ಹೇಳಬೇಕಾಗಿದೆ. ತಪ್ಪಲ್ಲದ್ದನ್ನು ನೀವು ತಪ್ಪು ಎಂದು ತೀರ್ಪು ಕೊಟ್ಟಿರುವ ಕಡೆಗಳಲ್ಲೆಲ್ಲ ಪೆನ್ಸಿಲ್ ಗುರುತು ಹಾಕಿದ್ದೇನೆ. ವಾಕ್ಯದ ಕೊನೆಯಲ್ಲಿ ‘ವಿತ್’, ‘ಫಾರ್’ ಬರಬಾರದು ಎಂಬ ನಿಯಮವನ್ನು ಇಂಗ್ಲಿಷ್ ಬಳಕೆಯ ಕೋಶ ಬರೆದ ಫೌಲರ್ 1926ರಲ್ಲೇ ಮೂಢನಂಬಿಕೆಯ ಸಾಲಿಗೆ ಸೇರಿಸಿದ. ನೂರು ವರ್ಷದ ಹಿಂದೆಯೇ ಬಿದ್ದುಹೋದ ನಿಯಮವನ್ನು ನಾವು ಹೊಸ ಪುಸ್ತಕದಲ್ಲಿ ಅಚ್ಚು ಹಾಕುವುದು ಬೇಡ. ‘ನನ್ ಆಫ್ ದೆಮ್ ಆರ್’ ಎಂಬುದೂ ಸರಿಯೇ. ‘ಆರ್ಗನೈಜ್’ ಪದಕ್ಕೆ ‘ಜೆಡ್’ ಹಾಕಿದರೆ ಅಮೆರಿಕನ್ ಕಾಗುಣಿತ, ಹಾಗಾಗಿ ತಪ್ಪು ಎಂದಿದ್ದೀರಿ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯ ತನ್ನ ಪುಸ್ತಕಗಳಲ್ಲಿ ಬಹುಕಾಲದಿಂದ ಪಾಲಿಸಿಕೊಂಡು ಬಂದಿರುವುದು ಆ ‘ಜೆಡ್’ ಅನ್ನೇ. ಕಲಿಸಬೇಕಾದದ್ದು ಒಂದು ಬರಹದೊಳಗೆ ಎರಡನ್ನೂ ಬೆರೆಸಬಾರದು ಎಂಬುದನ್ನು. ‘ಪ್ರಿಪೋನ್’ ಭಾರತದ ಇಂಗ್ಲಿಷಿನಲ್ಲಿ ಬೇರೂರಿ ಆಕ್ಸ್‌ಫರ್ಡ್ ನಿಘಂಟಿಗೂ ಸೇರಿದ ಪದ. ಬೆಂಗಳೂರಿನ ಕಚೇರಿಯೊಳಗಿನ ಟಿಪ್ಪಣಿಯಲ್ಲಿ ಅದು ಇರಲಿ, ಲಂಡನ್ನಿನ ವಿಶ್ವವಿದ್ಯಾಲಯಕ್ಕೆ ಬರೆಯುವ ಅರ್ಜಿಯಲ್ಲಿ ಬದಲಿಸುವುದು ಒಳ್ಳೆಯದು. ಉತ್ತರದ ಪುಟದಲ್ಲಿ ‘ಸರಿ’, ‘ತಪ್ಪು’ ಎಂಬ ಎರಡೇ ಖಾನೆ ಸಾಲದು. ‘ಇಲ್ಲಿ ಬೇಡ, ಅಲ್ಲಿ ನಡೆಯುತ್ತದೆ’ ಎಂಬ ಮೂರನೆಯದು ಬೇಕೇ ಬೇಕು.

ಮುನ್ನುಡಿಯ ಒಂದು ವಾಕ್ಯವನ್ನು ಹೊಡೆದು ಹಾಕಿದ್ದೇನೆ: ‘ಈ ಅಭ್ಯಾಸಗಳನ್ನು ಮುಗಿಸಿದವರ ಇಂಗ್ಲಿಷ್ ದೋಷಮುಕ್ತವಾಗುತ್ತದೆ.’ ಹಾಗೆ ಮಾತು ಕೊಡಲು ಬರುವುದಿಲ್ಲ. ತರಗತಿಯಲ್ಲಿ ಬರಹದ ವ್ಯಾಕರಣ ತಿದ್ದುವುದರಿಂದ ಪ್ರಯೋಜನವಿಲ್ಲ, ಅದನ್ನು ಕೈಬಿಡಬೇಕು ಎಂದು ಭಾಷಾ ಕಲಿಕೆಯ ಸಂಶೋಧಕ ಜಾನ್ ಟ್ರಸ್ಕಾಟ್ 1996ರಲ್ಲಿ ವಾದಿಸಿದರು. ಅದೇ ಕ್ಷೇತ್ರದ ಡೇನಾ ಫೆರಿಸ್ 1999ರಲ್ಲಿ ಅದನ್ನು ಬಲವಾಗಿ ಅಲ್ಲಗಳೆದರು. ಆ ಚರ್ಚೆ ಅಲ್ಲಿಗೆ ಮುಗಿಯಲೂ ಇಲ್ಲ. ನಿಮ್ಮ ಪುಸ್ತಕಕ್ಕೆ ಹೆಚ್ಚು ಉಪಯೋಗಕ್ಕೆ ಬರುವುದು ಭಾಷಾವಿಜ್ಞಾನಿ ಪಿಟ್ ಕಾರ್ಡರ್ 1967ರಲ್ಲಿ ಮಾಡಿದ ವಿಂಗಡಣೆ. ಗೊತ್ತಿದ್ದೂ ಕೈತಪ್ಪಿ ಆಗುವ ತಪ್ಪು ಒಂದು ಬಗೆ, ಗೊತ್ತೇ ಇಲ್ಲದೆ ಆಗುವ ತಪ್ಪು ಇನ್ನೊಂದು. ಕರಡು ತಿದ್ದುವ ಅಭ್ಯಾಸದಿಂದ ಮೊದಲನೆಯದು ಕಡಿಮೆಯಾಗಬಹುದು. ಎರಡನೆಯದಕ್ಕೆ ಓದು, ಪಾಠ ಬೇಕು. ಯಾವ ಪಾಠ ಯಾವುದಕ್ಕೆ ಎಂದು ತಲೆಬರಹದ ಕೆಳಗೇ ಹೇಳಿದರೆ ಓದುವವರು ತಮ್ಮನ್ನು ತಾವು ವೃಥಾ ಹಳಿದುಕೊಳ್ಳುವುದು ತಪ್ಪುತ್ತದೆ.

ಕರಡು ನೋಡುವುದು ಹೇಗೆ ಎಂಬುದನ್ನೂ ಪುಸ್ತಕ ಎಲ್ಲೂ ಹೇಳುವುದಿಲ್ಲ. ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲದ ಪ್ರೆಸ್ಸುಗಳಲ್ಲಿ ಒಬ್ಬರು ಮೂಲಪ್ರತಿ ಹಿಡಿದು ಗಟ್ಟಿಯಾಗಿ ಓದುತ್ತಿದ್ದರು, ಇನ್ನೊಬ್ಬರು ಗ್ಯಾಲಿ ಪ್ರೂಫಿನ (ಪುಟ ಕಟ್ಟುವ ಮೊದಲು ತೆಗೆದ ಕರಡು ಅಚ್ಚಿನ) ಮೇಲೆ ಕಣ್ಣಿಟ್ಟು ಗುರುತು ಹಾಕುತ್ತಿದ್ದರು. ಇಂದು ಒಬ್ಬರೇ ಕೂತು ಮಾಡಬೇಕಾದವರಿಗೂ ಉಪಾಯಗಳಿವೆ. ಬರೆದದ್ದನ್ನು ಒಂದು ರಾತ್ರಿ ಪಕ್ಕಕ್ಕಿಟ್ಟು ಕಾಗದದ ಮೇಲೆ ಮುದ್ರಿಸಿಕೊಂಡು ನೋಡುವುದು. ಸಾಲಿನ ಕೆಳಗೆ ಸ್ಕೇಲ್ ಹಿಡಿಯುವುದು. ಕೊನೆಯ ವಾಕ್ಯದಿಂದ ಹಿಂದಕ್ಕೆ ಓದುತ್ತ ಬರುವುದು, ಆಗ ಅರ್ಥದ ಓಟ ಕಣ್ಣನ್ನು ಎಳೆದುಕೊಂಡು ಹೋಗುವುದಿಲ್ಲ. ಒಂದು ಸುತ್ತಿಗೆ ಒಂದೇ ಕೆಲಸ: ಒಮ್ಮೆ ಕ್ರಿಯಾಪದ ಮಾತ್ರ, ಒಮ್ಮೆ ‘ದಿ’ ಮಾತ್ರ, ಒಮ್ಮೆ ಹೆಸರು, ದಿನಾಂಕ, ಅಂಕಿ. ಹೆಸರು, ಅಂಕಿಗಳ ತಪ್ಪನ್ನು ಯಾವ ವ್ಯಾಕರಣವೂ ಹಿಡಿಯದು, ಆದರೆ ಅರ್ಜಿ ತಿರಸ್ಕಾರವಾಗಲು ಅದೊಂದೇ ಸಾಕು. ತಿದ್ದಿದ್ದನ್ನು ರದ್ದು ಮಾಡಿ ಮೊದಲಿದ್ದಂತೆಯೇ ಇರಲಿ ಎನ್ನಲು ಪದದ ಕೆಳಗೆ ಚುಕ್ಕಿಗಳನ್ನಿಟ್ಟು ಅಂಚಿನಲ್ಲಿ ‘ಸ್ಟೆಟ್’ ಎಂದು ಬರೆಯುವ ಪದ್ಧತಿಯಿದೆಯಲ್ಲ, ಅದನ್ನು ಮೊದಲ ಪಾಠದಲ್ಲೇ ಕಲಿಸಿ. ಈ ಪುಸ್ತಕಕ್ಕೆ ಅಷ್ಟು ಮುಖ್ಯವಾದ ಗುರುತು ಇನ್ನೊಂದಿಲ್ಲ.

31ನೇ ಪಾಠವನ್ನು ನಾನು ಮತ್ತೆ ಮತ್ತೆ ಓದಿದೆ. ನಿಮ್ಮ ವಿದ್ಯಾರ್ಥಿನಿಯೊಬ್ಬಳು ಶೈಕ್ಷಣಿಕ ಸಾಲಕ್ಕಾಗಿ ಬ್ಯಾಂಕ್ ಮ್ಯಾನೇಜರಿಗೆ ಬರೆದ ಪತ್ರವನ್ನು ಅಲ್ಲಿ ಬಿಡಿ ವಾಕ್ಯಗಳ ಜೊತೆಗೆ ಇದ್ದ ಹಾಗೇ ಕೊಟ್ಟಿದ್ದೀರಿ. ‘ಮ್ಯಾನೇಜರ್’ ಬರೆಯುವಾಗ ನಡುವಿನ ಒಂದು ‘ಎ’ ಬಿಟ್ಟುಹೋಗಿ ಅದು ‘ಮೇಂಜರ್’, ಅಂದರೆ ದನದ ಗೋದಲಿ ಆಗಿದೆ. ಅದೂ ನಿಜವಾದ ಇಂಗ್ಲಿಷ್ ಪದವೇ ಆದ್ದರಿಂದ ಕಂಪ್ಯೂಟರಿನ ಕಾಗುಣಿತ ತಪಾಸಣೆ ಕೆಂಪು ಗೆರೆ ಎಳೆದಿಲ್ಲ. ಮುಂದೆ ಎಂಟು ಸಾಲು ತಪ್ಪಿಲ್ಲದ, ಚೆಲುವಾದ ಇಂಗ್ಲಿಷ್. ಆಮೇಲೆ ಸಾಲದ ಮೊತ್ತ ಅಂಕಿಯಲ್ಲಿ ಒಂದು, ಅಕ್ಷರದಲ್ಲಿ ಇನ್ನೊಂದು. ಈ ಪತ್ರಕ್ಕೆ ನೀವು ಬರೆದಿರುವ ವಿವರಣೆ, ಅದರಲ್ಲೂ ಆ ಎಂಟು ಸಾಲುಗಳನ್ನು ಯಾಕೆ ಮುಟ್ಟಬಾರದು ಎಂದು ಹೇಳುವ ಭಾಗ, ಉಳಿದ ಇಡೀ ಹಸ್ತಪ್ರತಿಗಿಂತ ಮೇಲ್ಮಟ್ಟದ್ದು. ಪುಸ್ತಕ ಪೂರ್ತಿ ಹೀಗಿರಬೇಕು. ಇದು ನಿಮ್ಮ ಕೈಗೆ ಒಗ್ಗುವ ಕೆಲಸ ಎಂಬುದಕ್ಕೆ ಆ ಪಾಠವೇ ಸಾಕ್ಷಿ, ನಾನು ಹೊಸದಾಗಿ ಏನನ್ನೂ ಕೇಳುತ್ತಿಲ್ಲ.

ಹಾಗಾಗಿ ಪಾಠಗಳ ಸಂಖ್ಯೆ ಹದಿನೈದಕ್ಕೆ ಇಳಿಯಲಿ. ಒಂದೊಂದರಲ್ಲೂ ಒಂದು ಇಡೀ ಬರಹ: ಅರ್ಜಿ, ವರದಿ, ಸಂಶೋಧನಾ ಪ್ರಬಂಧದ ಸಾರಾಂಶ, ಕಚೇರಿಯ ಇಮೇಲ್, ಕನ್ನಡದಿಂದ ಇಂಗ್ಲಿಷಿಗೆ ಅನುವಾದವಾದ ಆಹ್ವಾನ ಪತ್ರ. ಎಷ್ಟು ತಪ್ಪಿವೆ ಎಂದು ಮೊದಲೇ ಹೇಳಬೇಡಿ. ಎರಡು ಬರಹಗಳಲ್ಲಿ ತಪ್ಪೇ ಇಲ್ಲದಿರಲಿ. ಅಂಕ ಕೊಡುವಾಗ ಸರಿಯಿದ್ದದ್ದನ್ನು ಬದಲಿಸಿದ್ದಕ್ಕೆ, ಬಿಟ್ಟುಹೋದ ತಪ್ಪಿಗೆ ಕಳೆದಷ್ಟೇ ಕಳೆಯಿರಿ. ವಿದ್ಯಾರ್ಥಿಗಳ ಬರಹ ಬಳಸುವ ಕಡೆ ಅವರ ಒಪ್ಪಿಗೆ ಪಡೆದು, ಹೆಸರು, ಊರು, ಖಾತೆ ಸಂಖ್ಯೆಗಳನ್ನು ತೆಗೆಯಿರಿ. ಈಗಿನ ಪ್ರತಿಯಲ್ಲಿ ಎರಡು ಕಡೆ ನೋಂದಣಿ ಸಂಖ್ಯೆ ಹಾಗೇ ಉಳಿದಿದೆ.

ಎಲ್ಲವನ್ನೂ ಒಟ್ಟಿಗೆ ತಿದ್ದಲು ಹೋಗಬೇಡಿ. ಮೊದಲು ಮೂರು ಪಾಠಗಳನ್ನು ಹೊಸದಾಗಿ ಬರೆದು, ಉತ್ತರಗಳ ಭಾಗದೊಂದಿಗೆ ಕಳಿಸಿ. ಉತ್ತರಗಳನ್ನು ನೋಡಿದ ಮೇಲೆಯೇ ನಾನು ಪಾಠ ಓದುವುದು. ನೀವು ತಪ್ಪು ಎಂದ ಪ್ರತಿಯೊಂದರ ಪಕ್ಕದಲ್ಲಿ ಯಾವ ನಿಘಂಟು ಅಥವಾ ವ್ಯಾಕರಣ ಗ್ರಂಥ ನೋಡಿ ಹಾಗೆ ಹೇಳಿದಿರಿ ಎಂಬ ಟಿಪ್ಪಣಿ ಇರಲಿ. ಅದು ಅಚ್ಚಿಗೆ ಹೋಗುವುದಿಲ್ಲ, ನಮ್ಮಿಬ್ಬರ ನಡುವಿನದು. ಪೆನ್ಸಿಲ್ ಗುರುತು ಹಾಕಿದ ನಿಮ್ಮ ಹಸ್ತಪ್ರತಿಯನ್ನು ಈ ಪತ್ರದ ಜೊತೆಗೇ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಯಾವುದಾದರೂ ಗುರುತು ನಿಮಗೆ ಒಪ್ಪಿಗೆಯಾಗದಿದ್ದರೆ ಅಲ್ಲೇ ಕೆಳಗೆ ಚುಕ್ಕಿಗಳನ್ನಿಟ್ಟು ಕಾರಣ ಬರೆಯಿರಿ.

ವಿಶ್ವಾಸದಿಂದ,
ಸಂಪಾದಕ